ಪೇಟೆಯ ಮಾತು: ಅಗ್ಗದ ಕೀಲಿಕೈ



ಹಿಂದಿನ ಸಂಚಿಕೆಯಲ್ಲಿ ಪ್ರೆಷರ್ ಕುಕ್ಕರಿನ ಮೇಲಿನ ಐ.ಎಸ್.ಐ. ಮುದ್ರೆಯನ್ನು ಕುರಿತು ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನು ಓದಿ ಠಾಣೆಯ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. "ಕುಕ್ಕರನ್ನಾದರೆ ತಿರುವಿಹಾಕಿ ನೋಡಬಹುದು, ಕಣ್ಣಿಗೇ ಕಾಣದ ಸರಕನ್ನು ಹೇಗೆ ತಿರುವಿ ನೋಡಲಿ?" ಎಂಬುದು ಅವರ ಪ್ರಶ್ನೆ. ಮಗಳು ಈ ವರ್ಷ ಬಿ.ಕಾಂ. ಸೇರಿದ್ದಾಳೆ. ಕಂತಿನ ಮೇಲೆ ಅವಳಿಗೊಂದು ಲ್ಯಾಪ್‌ಟಾಪು ತಂದಿದ್ದಾರೆ. ಬರೆಯುವುದಕ್ಕೂ ಲೆಕ್ಕದ ಪಟ್ಟಿ ಹಾಕುವುದಕ್ಕೂ ಮೈಕ್ರೋಸಾಫ್ಟ್ ಆಫೀಸ್ ಬೇಕೆಂದು ಕಾಲೇಜಿನಲ್ಲಿ ಹೇಳಿದ್ದಾರೆ. ಕಂಪನಿಯ ಜಾಲತಾಣದಲ್ಲಿ ನೋಡಿದರೆ ಬೆಲೆ ಸಾವಿರಗಳಲ್ಲಿದೆ, ಫೋನಿನಲ್ಲಿ ಬರುವ ಜಾಹೀರಾತು ನೋಡಿದರೆ ಅದೇ ಸರಕು "ಜೀವಮಾನ ಪರ್ಯಂತ, ಕೇವಲ 499 ರೂಪಾಯಿ!" ಯಜಮಾನರು ಇದು ಕಳ್ಳಮಾಲೆನ್ನುತ್ತಾರೆ. ಮಗನಾದರೋ, "ನಮ್ಮ ಕ್ಲಾಸಿನಲ್ಲಿ ಎಲ್ಲರೂ ಇದನ್ನೇ ತಗೊಂಡಿದ್ದಾರೆ, ಅಪ್ಪನಿಗೆ ಏನೂ ಗೊತ್ತಿಲ್ಲ" ಎನ್ನುತ್ತಾನೆ. ಮನೆಯಲ್ಲಿ ಎರಡು ಪಕ್ಷಗಳಾಗಿ, ಸೋದರಿಯವರು ನನ್ನನ್ನು ಪಂಚಾಯಿತಿಗೆ ಕರೆದಿದ್ದಾರೆ.

ಕಂಪ್ಯೂಟರಿನ ಪಾಂಡಿತ್ಯ ನನಗಿಲ್ಲ. ಸರ್ಕಾರಿ ಕಚೇರಿಯಲ್ಲಿ ಕುಳಿತು ಬಿಲ್ಲು, ವೋಚರುಗಳನ್ನು ತಾಳೆ ನೋಡುವ ಗುಮಾಸ್ತೆಯ ಕೆಲಸ ನನ್ನದು. ಆದರೆ ಈ ವ್ಯವಹಾರದಲ್ಲಿ ಯಂತ್ರದ ಜ್ಞಾನಕ್ಕಿಂತ ಬಿಲ್ಲು ನೋಡುವ ಕಣ್ಣೇ ಹೆಚ್ಚು ಉಪಯೋಗಕ್ಕೆ ಬರುತ್ತದೆಂದು ನನ್ನ ಭಾವನೆ. ಆದ್ದರಿಂದ ಧೈರ್ಯ ಮಾಡಿ ಬರೆಯುತ್ತೇನೆ.

ಮೊದಲು ಯಜಮಾನರ ಪಕ್ಷವನ್ನು ವಿಚಾರಿಸೋಣ. ಅಗ್ಗವೆಂದ ಮಾತ್ರಕ್ಕೆ ಕಳ್ಳಮಾಲೆಂದು ತೀರ್ಮಾನಿಸುವುದು ನ್ಯಾಯವಲ್ಲ. ಸೀರೆಯನ್ನೋ ಅಕ್ಕಿಯನ್ನೋ ಅಸಲಿಗಿಂತ ಕಡಿಮೆಗೆ ಮಾರಿದರೆ ಅಂಗಡಿಯವನಿಗೆ ನಷ್ಟ. ಸಾಫ್ಟ್‌ವೇರಿನ ರೀತಿಯೇ ಬೇರೆ. ಮೊದಲನೆಯ ಪ್ರತಿಯನ್ನು ಸಿದ್ಧಪಡಿಸಲು ಕೋಟಿಗಟ್ಟಲೆ ಖರ್ಚಾಗಬಹುದು. ಎರಡನೆಯ ಪ್ರತಿಗೂ ಹತ್ತು ಲಕ್ಷದನೆಯ ಪ್ರತಿಗೂ ಖರ್ಚು ಹೆಚ್ಚುಕಡಿಮೆ ಸೊನ್ನೆ. ಹೀಗಾಗಿ ತಯಾರಕನೇ ಮನಸ್ಸು ಮಾಡಿದರೆ ಅರ್ಧಕ್ಕೂ ಕೊಡಬಲ್ಲ, ಕಾಲಿಗೂ ಕೊಡಬಲ್ಲ, ಪುಕ್ಕಟೆಯಾಗಿಯೂ ಕೊಡಬಲ್ಲ. ಸ್ಟೀಮ್ ಎಂಬ ಆಟಗಳ ಅಂಗಡಿಯಲ್ಲಿ ಬೇಸಿಗೆಯ ಮಾರಾಟ ನಡೆಯುವಾಗ ಹಳೆಯ ಆಟಗಳು ಶೇಕಡಾ 75, ಶೇಕಡಾ 90ರ ಸೋಡಿಗೂ ಸಿಗುತ್ತವೆ. ಅದು ತಯಾರಕರೇ ಒಪ್ಪಿ ಇಳಿಸಿದ ಬೆಲೆ; ಅದರಲ್ಲಿ ಮೋಸವಿಲ್ಲ. ವೈರಸ್ ನಿರೋಧಕಗಳ ಕಥೆಯೂ ಹಾಗೆಯೇ. ಮೊದಲ ವರ್ಷ ಅಗ್ಗವಾಗಿ ಕೊಟ್ಟು, ಎರಡನೆಯ ವರ್ಷ ಪೂರ್ತಿ ಬೆಲೆಯನ್ನು ನಿಮ್ಮ ಕಾರ್ಡಿನಿಂದ ತಾನಾಗಿ ಎಳೆದುಕೊಳ್ಳುವ ಏರ್ಪಾಡು ಅವರದು. ಇದು ಸುಳ್ಳು ಸರಕಲ್ಲ, ಜಾಣತನದ ವ್ಯಾಪಾರ. ರಿಸರ್ವ್ ಬ್ಯಾಂಕಿನ ನಿಯಮವೊಂದು 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಹೀಗೆ ತಾನಾಗಿ ಹಣ ಕಡಿತವಾಗುವುದಕ್ಕೆ 24 ಗಂಟೆ ಮೊದಲೇ ನಿಮಗೆ ಸೂಚನೆ ಬರಬೇಕು, ಬೇಡವೆಂದರೆ ನಿಲ್ಲಿಸುವ ದಾರಿಯೂ ಇರಬೇಕು. ಆ ಸೂಚನೆಯನ್ನು ಓದದೆ ಅಳಿಸಿ, ಆಮೇಲೆ ಬ್ಯಾಂಕಿನವರನ್ನು ಬಯ್ಯುವವರೂ ನಮ್ಮಲ್ಲಿದ್ದಾರೆ. ಅದಿರಲಿ.

ಆದ್ದರಿಂದ "ಎಷ್ಟಕ್ಕೆ ಮಾರುತ್ತಿದ್ದಾನೆ?" ಎಂದು ಕೇಳಿ ನಿಲ್ಲಿಸಿದರೆ ಸಾಲದು. "ಏನನ್ನು ಮಾರುತ್ತಿದ್ದಾನೆ, ಅದು ಮಾರುವುದಕ್ಕೆ ಅವನದೇ?" ಎಂದು ಕೇಳಬೇಕು.

ಮುಂಬಯಿಯಲ್ಲಿ ಬಿಡಾರ ಹೂಡಿದವರಿಗೆ "ಲೀವ್ ಅಂಡ್ ಲೈಸೆನ್ಸ್" ಕರಾರನ್ನು ನಾನು ಹೇಳಿಕೊಡಬೇಕಾಗಿಲ್ಲ. 11 ತಿಂಗಳಿಗೊಮ್ಮೆ ಅದರ ಬಿಸಿ ಎಲ್ಲರಿಗೂ ತಟ್ಟುತ್ತದೆ. ಮನೆ ನಮ್ಮದಲ್ಲ, ಇರುವುದಕ್ಕೆ ಅನುಮತಿ ಮಾತ್ರ ನಮ್ಮದು. ಸಾಫ್ಟ್‌ವೇರಿನಲ್ಲಿ ನಾವು ಹಣ ಕೊಟ್ಟು ಪಡೆಯುವುದೂ ಇಂಥ ಲೈಸೆನ್ಸೇ. ವಿಂಡೋಸಿನ ಜೊತೆಗೆ ಬರುವ ಐದೈದರಂತೆ ಐದು ಗುಂಪಿನ 25 ಅಕ್ಷರಗಳ ಸಾಲನ್ನು "ಪ್ರಾಡಕ್ಟ್ ಕೀ" ಎನ್ನುತ್ತಾರೆ. ಅದು ಬರೀ ಕೀಲಿಕೈ. ಕೀಲಿಕೈ ಕೈಗೆ ಬಂದ ಮಾತ್ರಕ್ಕೆ ಕರಾರುಪತ್ರ ಕೈಗೆ ಬಂದಂತಾಗಲಿಲ್ಲ. ಬಾಡಿಗೆಗಿದ್ದವನೊಬ್ಬ ಊರಿಗೆ ಹೋಗುವಾಗ ಮಾಲೀಕನಿಗೆ ತಿಳಿಸದೆ ನಿಮ್ಮ ಕೈಗೆ ಕೀಲಿಕೈ ಕೊಟ್ಟು ಐನೂರು ರೂಪಾಯಿ ಇಸಿದುಕೊಂಡರೆ ಬಾಗಿಲೇನೋ ತೆರೆಯುತ್ತದೆ. ಎಷ್ಟು ದಿನ ಒಳಗಿರುವಿರೆಂಬುದು ಬೇರೆ ಮಾತು.

ಈ ಲೈಸೆನ್ಸುಗಳಲ್ಲಿ ಜಾತಿಗಳಿವೆ. ಅಂಗಡಿಯಲ್ಲಿ ಬಿಡಿಯಾಗಿ ಮಾರುವುದು ಒಂದು. ಇದನ್ನು ರೀಟೇಲ್ ಎನ್ನುತ್ತಾರೆ. ಹಳೆಯ ಕಂಪ್ಯೂಟರಿನಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳುವ ಹಕ್ಕು ಇದರಲ್ಲಿದೆ. ಆದ್ದರಿಂದಲೇ ಬೆಲೆ ಹೆಚ್ಚು. ಅಮೆರಿಕದಲ್ಲಿ ವಿಂಡೋಸ್ 11 ಹೋಮಿಗೆ ಕಂಪನಿಯು ಇಟ್ಟ ಬೆಲೆ 139 ಡಾಲರು. ಎರಡನೆಯದು ಲ್ಯಾಪ್‌ಟಾಪಿನ ಜೊತೆಗೇ ಬರುವ ಓ.ಇ.ಎಂ. ಲೈಸೆನ್ಸು. ಇದು ಗೋಡೆಯಲ್ಲಿ ಕಟ್ಟಿದ ಕಪಾಟಿನಂತೆ. ಮನೆ ಬಿಡುವಾಗ ಕಿತ್ತುಕೊಂಡು ಹೋಗುವಂತಿಲ್ಲ. 2012ರಲ್ಲಿ ಬಂದ ವಿಂಡೋಸ್ 8ರ ಕಾಲದಿಂದ ಈ ಕೀಲಿಕೈಯನ್ನು ಯಂತ್ರದ ಮದರ್‌ಬೋರ್ಡಿನಲ್ಲೇ ಅಡಗಿಸಿಡುತ್ತಾರೆ. ಮೂರನೆಯದು ಕಂಪನಿಗಳಿಗೂ ಕಚೇರಿಗಳಿಗೂ ಸಗಟಾಗಿ ಕೊಡುವ ವಾಲ್ಯೂಮ್ ಲೈಸೆನ್ಸು. ನಮ್ಮ ಸರ್ಕಾರಿ ಕ್ವಾರ್ಟರ್ಸಿಗೆ ಇದನ್ನು ಹೋಲಿಸಬಹುದು. ನೌಕರಿಯಲ್ಲಿರುವವನು ಅಲ್ಲಿರಬಹುದು, ಹೊರಗಿನವನಿಗೆ ಒಳಬಾಡಿಗೆಗೆ ಕೊಟ್ಟರೆ ಅಪರಾಧ. ಕೊಡುವವರೇ ಇಲ್ಲವೆಂದು ನಾನು ಹೇಳುತ್ತಿಲ್ಲ! ಇನ್ನು ವಿದ್ಯಾರ್ಥಿಗಳಿಗೆಂದು ಇಳಿಸಿದ ಬೆಲೆಯದು ನಾಲ್ಕನೆಯದು. ಲೋಕಲ್ ರೈಲಿನ ವಿದ್ಯಾರ್ಥಿ ಪಾಸಿನ ಹಾಗೆ.

ಹಾಗಾದರೆ 349, 499 ರೂಪಾಯಿಯ ಕೀಲಿಕೈಗಳು ಎಲ್ಲಿಂದ ಬರುತ್ತವೆ? ಗುಜರಿಗೆ ಬಿದ್ದ ಕಂಪ್ಯೂಟರುಗಳಿಂದ ಬಿಡಿಸಿದವು ಕೆಲವು. ಯಾವುದೋ ಕಂಪನಿಯ ಸಗಟು ಕೀಲಿಕೈಯನ್ನು ಅಲ್ಲಿನವರೇ ಹೊರಗೆ ಮಾರಿದ್ದು ಕೆಲವು. ಒಂದೇ ಕೀಲಿಕೈಯನ್ನು ನೂರು ಜನಕ್ಕೆ ಮಾರಿ, ಅದರ ಎಣಿಕೆಯ ಮಿತಿ ಮುಗಿದ ದಿನ ಅಂಗಡಿ ಮುಚ್ಚುವವರೂ ಉಂಟು. ಎಲ್ಲಕ್ಕಿಂತ ಕೆಟ್ಟದ್ದು, ಕದ್ದ ಕ್ರೆಡಿಟ್ ಕಾರ್ಡಿನಿಂದ ಕೊಂಡವು. ಇದು ಕಟ್ಟುಕಥೆಯಲ್ಲ. ಆಟಗಳ ಕೀಲಿಕೈಗಳನ್ನು ಹಿಂದೆ ಯಾರು ಬೇಕಾದರೂ ತಂದು ಮಾರಬಹುದಾಗಿದ್ದ ಜಿ2ಎ ಎಂಬ ಸಂತೆತಾಣವೊಂದಿದೆ. ಫ್ಯಾಕ್ಟೋರಿಯೋ ಎಂಬ ಆಟವನ್ನು ತಯಾರಿಸಿದ ವೂಬೆ ಎಂಬ ಸಂಸ್ಥೆಯವರು, ಕದ್ದ ಕಾರ್ಡುಗಳಿಂದ ತಮ್ಮಲ್ಲಿ ಕೊಂಡ ಕೀಲಿಕೈಗಳು ಅಲ್ಲಿ ಬಿಕರಿಯಾಗುತ್ತಿವೆಯೆಂದು ದೂರಿದರು. ಲೆಕ್ಕ ತೆಗೆದಾಗ 2016ರಲ್ಲಿ ಅಂಥ 198 ಕೀಲಿಕೈಗಳು ಅಲ್ಲಿ ಮಾರಾಟವಾದದ್ದು ನಿಜವೆಂದು ಕಂಡುಬಂತು. 2020ರಲ್ಲಿ ಜಿ2ಎ ಅವರಿಗೆ 39,600 ಡಾಲರು ತೆತ್ತಿತು. ಇದರಲ್ಲಿ ಗಮನಿಸಬೇಕಾದದ್ದು ಇಷ್ಟು: ಕಾರ್ಡಿನ ನಿಜವಾದ ಒಡೆಯನು ಬ್ಯಾಂಕಿಗೆ ದೂರಿದಾಗ ಬ್ಯಾಂಕು ಹಣವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ; ಆ ಹಣವೂ ದಂಡವೂ ಆಟ ತಯಾರಿಸಿದವನ ತಲೆಯ ಮೇಲೆ ಬೀಳುತ್ತವೆ. ನಡುವಿನವನು ತನ್ನ ಕಾಸು ಎಣಿಸಿಕೊಂಡು ಹೋಗಿರುತ್ತಾನೆ. ಕೊಂಡ ಹುಡುಗನ ಕೀಲಿಕೈ ಒಂದು ದಿನ ರದ್ದಾಗುತ್ತದೆ.

ಈಗ ಮಗರಾಯನ ಪಕ್ಷ. "ಹಾಕಿದೆ, ಆಕ್ಟಿವೇಟ್ ಆಯಿತು, ಅಂದಮೇಲೆ ಅಸಲಿಯೇ ತಾನೆ?" ಎಂಬುದು ಅವನ ವಾದ. ಅವನ ಕ್ಲಾಸಿನವರೆಲ್ಲರ ವಾದವೂ ಇದೇ ಇರಬೇಕು. ತಾಣದಲ್ಲಿ ಐದು ನಕ್ಷತ್ರ ಕೊಟ್ಟು "ಎರಡೇ ನಿಮಿಷದಲ್ಲಿ ಬಂತು, ಚೆನ್ನಾಗಿದೆ" ಎಂದು ಬರೆದವರೆಲ್ಲ ಕೊಂಡ ದಿನವೇ ಬರೆದವರು. ಏಳನೆಯ ತಿಂಗಳು ಏನಾಯಿತೆಂದು ಬರೆಯಲು ಅವರು ಮರಳಿ ಬರುವುದಿಲ್ಲ. ಬೇರೆಯವನ ಹೆಸರಿನ ಪಾಸು ಜೇಬಿನಲ್ಲಿಟ್ಟುಕೊಂಡು ಡೊಂಬಿವಲಿಯಿಂದ ದಾದರಿಗೆ ಹೋದವನನ್ನು ಆ ದಿನ ಟಿ.ಸಿ. ಹಿಡಿಯಲಿಲ್ಲವೆಂದರೆ ಪಾಸು ಅವನದಾಯಿತೇ? ಸಗಟು ಲೈಸೆನ್ಸಿನಲ್ಲಿ ಒಂದು ಬಗೆಯಿದೆ. ಕಂಪ್ಯೂಟರು 180 ದಿನಕ್ಕೆ ಒಮ್ಮೆಯಾದರೂ ತನ್ನ ಸಂಸ್ಥೆಯ ಸರ್ವರಿಗೆ ಹಾಜರಿ ಹಾಕಬೇಕು. ಹಾಕದಿದ್ದರೆ ಅದರ ಮಾನ್ಯತೆ ಹೋಯಿತು. ಇಂದು ಹಸಿರು ದೀಪ ತೋರಿದ್ದು ಆರು ತಿಂಗಳ ಮೇಲೆ ಕೈಕೊಡುವುದು ಇದರಿಂದಲೇ. ಅಷ್ಟರಲ್ಲಿ ಮಾರಿದವನ ಫೋನು ಬಂದಾಗಿರುತ್ತದೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ!

ಈಗಾಗಲೇ ಕೊಂಡವರು ತಮ್ಮಲ್ಲಿರುವುದು ಯಾವ ಜಾತಿಯದೆಂದು ಮನೆಯಲ್ಲೇ ನೋಡಿಕೊಳ್ಳಬಹುದು. ವಿಂಡೋಸ್ ಗುರುತಿನ ಗುಂಡಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ಚಿಕ್ಕದೊಂದು ಚೌಕ ತೆರೆಯುತ್ತದೆ. ಅದರಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಬರೆದು, ಸ್ವಲ್ಪ ಜಾಗ ಬಿಟ್ಟು, ಎಡಕ್ಕೆ ಬಾಗದೆ ಬಲಕ್ಕೆ ಬಾಗಿದ ಓರೆಗೆರೆಯ ಮುಂದೆ ಡಿ, ಎಲ್, ಐ ಎಂದು ಹಾಕಿ ಎಂಟರ್ ಒತ್ತಿ. ಬರುವ ಚೀಟಿಯಲ್ಲಿ ರೀಟೇಲೋ ಓ.ಇ.ಎಂ.ಓ ವಾಲ್ಯೂಮೋ ಎಂದು ಬರೆದಿರುತ್ತದೆ. ಮನೆಯ ಕಂಪ್ಯೂಟರಿನಲ್ಲಿ ವಾಲ್ಯೂಮ್ ಎಂದು ಕಂಡರೆ, ನೀವು ಯಾವುದೋ ಕಂಪನಿಯ ಕ್ವಾರ್ಟರ್ಸಿನಲ್ಲಿದ್ದೀರೆಂದು ತಿಳಿಯಿರಿ.

ಹೋದರೆ ಐನೂರು ರೂಪಾಯಿ ತಾನೆ, ಒಂದು ಸಿನಿಮಾಕ್ಕೆ ಹೋದ ಹಾಗಾಯಿತು, ಎನ್ನುವವರಿದ್ದಾರೆ. ಅವರಿಗಾಗಿ ನಮ್ಮ ಬೀದಿಯ ಮಾಸ್ತರರ ಸಂಗತಿಯನ್ನು ಹೇಳಬೇಕು. ಧಾರವಾಡದ ಕಡೆಯವರು, ನಿವೃತ್ತರು. "ಮೈಕ್ರೋಸಾಫ್ಟ್ 365, ಜೀವಮಾನ ಪರ್ಯಂತ, ಐದು ಯಂತ್ರಗಳಿಗೆ, ಫೈಲುಗಳನ್ನಿಡಲು ಬೇಕಾದಷ್ಟು ಜಾಗ" ಎಂಬ ಜಾಹೀರಾತು ನೋಡಿ 699 ರೂಪಾಯಿ ಕೊಟ್ಟರು. ಬಂದದ್ದು ಕೀಲಿಕೈಯಲ್ಲ, ಒಂದು ಹೆಸರು, ಒಂದು ಪಾಸ್‌ವರ್ಡು. ಹೆಸರಿನ ಬಾಲದಲ್ಲಿ ಯಾವುದೋ ಪರದೇಶದ ಕಾಲೇಜಿನ ವಿಳಾಸ. ಮಾಸ್ತರರು ಅದನ್ನು ಲಕ್ಷಿಸಲಿಲ್ಲ. ಅವರ ತಂದೆಯವರು ನಲವತ್ತು ವರ್ಷ ಬರೆದ ದಿನಚರಿಯ ವಹಿಗಳಿದ್ದವು. ಒಂದೊಂದೇ ಪುಟದ ಚಿತ್ರ ತೆಗೆದು ಆ ಜಾಗದಲ್ಲಿ ಜೋಡಿಸಿಟ್ಟರು. ಮಗಳ ಮದುವೆಯ ಚಿತ್ರಗಳನ್ನೂ ಹೌಸಿಂಗ್ ಸೊಸೈಟಿಯ ಕಾಗದಗಳನ್ನೂ ಅಲ್ಲೇ ಇಟ್ಟರು. ಎಂಟು ತಿಂಗಳು ಎಲ್ಲ ಸರಿಯಾಗಿತ್ತು. ಒಂದು ಬೆಳಿಗ್ಗೆ ಪಾಸ್‌ವರ್ಡು ಒಪ್ಪಲಿಲ್ಲ.

365 ಎಂಬುದನ್ನು ಕಂಪನಿ ಕೊಡುವುದೇ ತಿಂಗಳ ಇಲ್ಲವೆ ವರ್ಷದ ಚಂದಾಕ್ಕೆ. ಅದಕ್ಕೆ ಜೀವಮಾನದ ಲೈಸೆನ್ಸು ಎಂಬುದೇ ಇಲ್ಲ. ಆದ್ದರಿಂದ "365" ಮತ್ತು "ಜೀವಮಾನ" ಎಂಬ ಎರಡು ಮಾತು ಒಂದೇ ಜಾಹೀರಾತಿನಲ್ಲಿ ಕಂಡರೆ ಮುಂದೆ ಓದಬೇಕಾದ್ದೇ ಇಲ್ಲ. ಜೀವಮಾನದ್ದೆಂದು ಬಿಡಿಯಾಗಿ ಸಿಗುವುದು ಬೇರೆ. 2024ರ ಅಕ್ಟೋಬರಿನಲ್ಲಿ ಬಂದ ಆಫೀಸ್ 2024 ಅಂಥದು, ಒಮ್ಮೆ ಹಣ ಕೊಟ್ಟರೆ ಒಂದು ಯಂತ್ರಕ್ಕೆ. ಮಾಸ್ತರರಿಗೆ ಸಿಕ್ಕಿದ್ದು ಯಾವುದೋ ಸಂಸ್ಥೆಯ ನೌಕರನದೋ ವಿದ್ಯಾರ್ಥಿಯದೋ ಎಂದು ನಟಿಸುವ ಖಾತೆ. ಅಂಥ ಖಾತೆಯ ಯಜಮಾನಿಕೆ ಆ ಸಂಸ್ಥೆಯ ಅಡ್ಮಿನಿಸ್ಟ್ರೇಟರನದು. ಅವನು ಪಾಸ್‌ವರ್ಡು ಬದಲಿಸಬಹುದು, ಒಳಗಿನ ಫೈಲುಗಳನ್ನು ತೆರೆದು ನೋಡುವ ಅಧಿಕಾರ ಪಡೆಯಬಹುದು, ಖಾತೆಯನ್ನೇ ಅಳಿಸಬಹುದು. ಅಳಿಸಿದರೆ ಅದರ ಫೈಲುಗಳು, ಬೇರೆ ಏರ್ಪಾಡಿಲ್ಲದಿದ್ದಲ್ಲಿ, 30 ದಿನ ಉಳಿದು ಆಮೇಲೆ ಹೋಗುತ್ತವೆ. "ಅವು ನನ್ನವು" ಎಂದು ಕಂಪನಿಗೆ ಬರೆಯೋಣವೆಂದರೆ ಖಾತೆ ಮಾಸ್ತರರ ಹೆಸರಿನಲ್ಲಿದ್ದರೆ ತಾನೆ!

ದಿನಚರಿಯ ಮೂಲ ವಹಿಗಳು ಊರ ಮನೆಯ ಅಟ್ಟದ ಮೇಲಿದ್ದವು. ಆ ಮಳೆಗಾಲ ಅವಕ್ಕೆ ಗೆದ್ದಲು ಹತ್ತಿತ್ತು. "ಅಂವ ರೊಕ್ಕಾ ತಗೊಂಡು ಹ್ವಾದ, ಹೋಗ್ಲಿ ಬಿಡ್ರಿ. ನಮ್ಮ ಅಪ್ಪಾರ ಅಕ್ಷರ ಹೋದುವಲ್ಲರೀ" ಎಂದರು ಮಾಸ್ತರರು. ನಾನು ಏನು ಹೇಳಲಿ? ಚಹಾ ಕುಡಿದು ಎದ್ದು ಬಂದೆ.

ಇನ್ನು ಕೊಳ್ಳುವ ಮುನ್ನ ನೋಡುವ ಬಗೆ. ನಮ್ಮ ಕಚೇರಿಯಲ್ಲಿ ಬಿಲ್ಲು ಪಾಸು ಮಾಡುವಾಗ ಮೊದಲು ನೋಡುವುದು ಮೊತ್ತವನ್ನಲ್ಲ, ಬಿಲ್ಲು ಕೊಟ್ಟವನನ್ನು. ಮನೆಯಲ್ಲೂ ಹಾಗೆಯೇ ಮಾಡಿ. ಮಾರುವವನು ತನ್ನ ಪೂರ್ಣ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ಹೆಸರು ಇಷ್ಟನ್ನೂ ತಿಳಿಸಬೇಕೆಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ದೂರು ಬಂದರೆ 48 ಗಂಟೆಯೊಳಗೆ ಮುಟ್ಟಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ವಾಟ್ಸಾಪ್ ನಂಬರೊಂದನ್ನು ಬಿಟ್ಟು ಬೇರೇನೂ ಇಲ್ಲದವನಿಗೆ ಇವೆಲ್ಲ ಎಲ್ಲಿಂದ ಬರಬೇಕು? ಜಿ.ಎಸ್.ಟಿ. ಬಿಲ್ಲು ಕೇಳಿ. ಅದರ ನಂಬರಿಗೆ 15 ಅಂಕಾಕ್ಷರಗಳು. ಮೊದಲಿನ ಎರಡಂಕಿ ರಾಜ್ಯದ ಗುರುತು. ಮಹಾರಾಷ್ಟ್ರಕ್ಕೆ 27, ನಮ್ಮ ಕರ್ನಾಟಕಕ್ಕೆ 29, ದೆಹಲಿಗೆ 07, ತಮಿಳುನಾಡಿಗೆ 33, ತೆಲಂಗಾಣಕ್ಕೆ 36. ಪುಣೆಯ ವಿಳಾಸ ಕೊಟ್ಟವನ ನಂಬರು 07ರಿಂದ ಮೊದಲಾದರೆ ಕಾರಣ ಕೇಳಬೇಡವೇ? ಜಿ.ಎಸ್.ಟಿ. ತಾಣದಲ್ಲಿ ಆ ನಂಬರನ್ನು ಹಾಕಿದರೆ ಅದು ಯಾರ ಹೆಸರಿನಲ್ಲಿದೆ, ಜೀವಂತವಾಗಿದೆಯೋ ರದ್ದಾಗಿದೆಯೋ ಎಂದು ಯಾರು ಬೇಕಾದರೂ ನೋಡಬಹುದು; ಅದಕ್ಕೆ ಪಾಸ್‌ವರ್ಡು ಬೇಡ. ಒಂದು ಸಂಜೆ ಕುಳಿತು ಹೀಗೆ ತಾಳೆ ನೋಡುವುದರಲ್ಲಿ ನನಗಂತೂ ಪದಬಂಧ ಬಿಡಿಸಿದಷ್ಟೇ ಸಂತೋಷವಾಗುತ್ತದೆ. ನಮ್ಮ ಮನೆಯವರು ನಗುತ್ತಾರೆ, ನಗಲಿ.

ದೊಡ್ಡ ಮಾರುಕಟ್ಟೆ ತಾಣದಲ್ಲಿ ಕೊಂಡೆನೆಂದು ಮೈಮರೆಯಬಾರದು. ಅಲ್ಲಿ ಮಾರುವವರು ನೂರಾರು ಜನ. ತಾಣದವರು ಜಾಗ ಕೊಟ್ಟವರು ಮಾತ್ರ. "ಮಾರುವವರು" ಎಂದು ಸಣ್ಣಕ್ಷರದಲ್ಲಿ ಬರೆದಿರುವ ಹೆಸರನ್ನು ಓದಿ. ಸಾಫ್ಟ್‌ವೇರು ತಯಾರಿಸಿದ ಕಂಪನಿಯ ತಾಣಕ್ಕೆ ಹೋಗಿ ಆ ಹೆಸರಿನ ಅಧಿಕೃತ ಮಾರಾಟಗಾರರಿದ್ದಾರೆಯೇ ಎಂದು ನೋಡಿ. ಯು.ಪಿ.ಐ. ಮೂಲಕ ಹಣ ಕಳಿಸುವಾಗ ಪಡೆಯುವವನ ಹೆಸರು ತೆರೆಯ ಮೇಲೆ ಬರುತ್ತದೆ. ಜಾಹೀರಾತಿನಲ್ಲಿ ಭಾರಿ ಕಂಪನಿಯ ಹೆಸರಿದ್ದು, ತೆರೆಯ ಮೇಲೆ ಯಾರೋ ಒಬ್ಬ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ಬೆರಳು ತೆಗೆಯಿರಿ. ಹಣ ಹಿಂದಿರುಗಿಸುತ್ತೇನೆ, ಪಿನ್ ಹಾಕಿರೆಂದು ಹೇಳುವವನಂತೂ ಕಳ್ಳನೇ; ಪಿನ್ ಹಾಕುವುದು ಹಣ ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ.

ಕೊಂಡ ಮೇಲೆ ಮಾರಿದವನು ಹೇಳುವ ಎರಡು ಮಾತುಗಳಿಗೆ ಎಂದೂ ಒಪ್ಪಬೇಡಿ. "ನಿಮ್ಮ ಆಂಟಿವೈರಸ್ಸನ್ನು ಸ್ವಲ್ಪ ಹೊತ್ತು ನಿಲ್ಲಿಸಿ" ಎಂಬುದು ಒಂದು. ಕಾವಲುಗಾರನನ್ನು ಹೊರಗೆ ಕಳಿಸಿ ಒಳಗೆ ಬರುವ ನೆಂಟ ಎಂಥವನು? "ಎನಿಡೆಸ್ಕ್ ಹಾಕಿಕೊಳ್ಳಿ, ನಾನೇ ಇಲ್ಲಿಂದ ಸರಿಮಾಡಿ ಕೊಡುತ್ತೇನೆ" ಎಂಬುದು ಇನ್ನೊಂದು. ಎನಿಡೆಸ್ಕ್ ಒಳ್ಳೆಯ ಉಪಕರಣವೇ. ಆದರೆ ಅದರಿಂದ ನಿಮ್ಮ ಕಂಪ್ಯೂಟರು ಅವನ ಕೈಗೆ ಹೋಗುತ್ತದೆ. ಅದೇ ಕಂಪ್ಯೂಟರಿನಲ್ಲಿ ನಿಮ್ಮ ಬ್ಯಾಂಕೂ ಇದೆ.

ಕಾನೂನಿನ ಮಾತನ್ನೂ ಆಡಿಬಿಡುತ್ತೇನೆ. 1957ರ ಕೃತಿಸ್ವಾಮ್ಯದ ಕಾಯಿದೆಗೆ 1994ರ ತಿದ್ದುಪಡಿಯಿಂದ 63ಬಿ ಎಂಬ ಕಲಮು ಸೇರಿತು. ಕಳ್ಳಪ್ರತಿಯೆಂದು ತಿಳಿದೂ ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನಕ್ಕೆ ಕಡಿಮೆಯಿಲ್ಲದೆ 3 ವರ್ಷದವರೆಗೆ ಸೆರೆ, 50,000ಕ್ಕೆ ಕಡಿಮೆಯಿಲ್ಲದೆ 2 ಲಕ್ಷದವರೆಗೆ ಜುಲ್ಮಾನೆ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದಿದ್ದರೆ, ನ್ಯಾಯಾಲಯವು ವಿಶೇಷ ಕಾರಣ ಬರೆದು ಸೆರೆಯನ್ನು ಬಿಟ್ಟು 50,000ದವರೆಗಿನ ಜುಲ್ಮಾನೆಯಲ್ಲೇ ಮುಗಿಸಬಹುದು. ಅಗ್ಗದ ಕೀಲಿಕೈಯೆಲ್ಲ ಈ ಕಲಮಿಗೆ ಬೀಳುತ್ತದೆಂದು ಹೆದರಿಸಲಾರೆ. ಕಳ್ಳಪ್ರತಿ ಬೇರೆ, ಷರತ್ತು ಮುರಿದ ಲೈಸೆನ್ಸು ಬೇರೆ. ಬಿ.ಕಾಂ. ಹುಡುಗಿಯ ಮನೆಗೆ ಪೋಲೀಸರು ಬರುವುದಿಲ್ಲ. ಆದರೆ ಹೋಟೆಲು, ಅಂಗಡಿ, ಕ್ಲಿನಿಕ್ಕು ನಡೆಸುವ ನಮ್ಮ ಬಂಧುಗಳು ಬಹಳ ಜನರಿದ್ದಾರೆ. ಅವರ ಮಾತು ಬೇರೆ. ಬೆಂಗಳೂರಿನ ಟ್ಯಾಲಿಯನ್ನೇ ತೆಗೆದುಕೊಳ್ಳಿ. ಅದರ ಲೈಸೆನ್ಸಿಗೊಂದು ಸೀರಿಯಲ್ ನಂಬರೂ ಅದಕ್ಕೆ ಜೋಡಿಸಿದ ಇ-ಮೇಲ್ ವಿಳಾಸವೂ ಇರುತ್ತವೆ. ಆ ವಿಳಾಸ ನಿಮ್ಮದಲ್ಲದಿದ್ದರೆ ಆ ಲೈಸೆನ್ಸೂ ನಿಮ್ಮದಲ್ಲ. ವರ್ಷದ ಲೆಕ್ಕವನ್ನೆಲ್ಲ ಅಂಥದರಲ್ಲಿ ಬರೆದಿಡುವುದು ಮರಳಿನ ಮೇಲೆ ಬರೆದಂತೆ.

"ಹಳೆಯ ಲೈಸೆನ್ಸು ಮಾರಬಹುದೆಂದು ಯುರೋಪಿನ ನ್ಯಾಯಾಲಯವೇ ಹೇಳಿದೆ" ಎಂದು ಕೆಲವು ಮಾರಾಟಗಾರರು ದೊಡ್ಡಕ್ಷರದಲ್ಲಿ ಹಾಕಿಕೊಂಡಿರುತ್ತಾರೆ. ಹೇಳಿದ್ದು ನಿಜ. 2012ರ ಜುಲೈ 3ರಂದು ಯೂಸ್ಡ್‌ಸಾಫ್ಟ್ ಮತ್ತು ಒರೇಕಲ್ ಕಂಪನಿಗಳ ವ್ಯಾಜ್ಯದಲ್ಲಿ ಹೇಳಿತು. ಆದರೆ ಮಾರುವವನು ತನ್ನ ಪ್ರತಿಯನ್ನು ಬಳಸಲಾಗದಂತೆ ಮಾಡಿರಬೇಕು, ಗುಂಪಿನ ಲೈಸೆನ್ಸನ್ನು ಒಡೆದು ಚೂರುಚೂರಾಗಿ ಮಾರಕೂಡದು ಎಂದೂ ಅದೇ ತೀರ್ಪಿನಲ್ಲಿದೆ. ಆ ಭಾಗವನ್ನು ಅವರು ಹಾಕುವುದಿಲ್ಲ. ಆ ತೀರ್ಪು ನಮ್ಮ ದೇಶಕ್ಕೆ ಅನ್ವಯಿಸುವುದೂ ಇಲ್ಲ.

ಮೋಸ ಹೋದದ್ದು ತಿಳಿದೊಡನೆ 1930ಕ್ಕೆ ಫೋನು ಮಾಡಿ; ಹಣ ಕೈದಾಟುವುದಕ್ಕೆ ಮುಂಚೆ ತಡೆಯುವ ಸಂಭವವುಂಟು, ತಡಮಾಡಿದರೆ ಇಲ್ಲ. ಸರಕು ಸರಿಯಿಲ್ಲವೆಂಬ ದೂರಿಗೆ ಗ್ರಾಹಕರ ಸಹಾಯವಾಣಿ 1915.

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ಇದನ್ನು ಕೊಳ್ಳಲೇಬೇಕೇ ಎಂದು. ವಿಂಡೋಸ್ 10ರ ಆಸರೆಯನ್ನು ಮೈಕ್ರೋಸಾಫ್ಟಿನವರು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದಾಗ "ವಿಂಡೋಸ್ 11 ಕೀಲಿಕೈ, ಅರ್ಧಕ್ಕರ್ಧ ಬೆಲೆ" ಎಂದು ಕೂಗುವವರು ಮೂಲೆಮೂಲೆಯಿಂದ ಎದ್ದರು. ಅಸಲಿ ವಿಂಡೋಸ್ 10 ಇದ್ದು, ಯಂತ್ರವು ಹೊಸದಕ್ಕೆ ತಕ್ಕುದಾಗಿದ್ದರೆ 11ಕ್ಕೆ ಏರುವುದು ಪುಕ್ಕಟೆ. ಯಂತ್ರ ತಕ್ಕುದಾಗಿಲ್ಲದಿದ್ದರೆ ಕೀಲಿಕೈ ಕೊಂಡೂ ಪ್ರಯೋಜನವಿಲ್ಲ. ಹೀಗೆ ಪುಕ್ಕಟೆ ಸಿಗುವುದನ್ನೇ ಮಾರುವ ಜನ! ಕನ್ನಡ ಟೈಪಿಂಗಿನದೂ ಹಾಗೆಯೇ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶಕ್ಕೆ ದುಡ್ಡಿಲ್ಲ. ವಿಂಡೋಸಿನ ಒಳಗೇ ಕನ್ನಡದ ಕೀಲಿಮಣೆಯುಂಟು. ನಮ್ಮ ಸಂಘದ ಸದಸ್ಯರೊಬ್ಬರಿಗೆ ಇದನ್ನೇ "ಕನ್ನಡ ಪ್ಯಾಕು" ಎಂದು 299 ರೂಪಾಯಿಗೆ ಮಾರಲು ಬಂದಿದ್ದನಂತೆ ಒಬ್ಬ. ಪತ್ರ ಬರೆಯಲು, ಮನೆಯ ಲೆಕ್ಕವಿಡಲು 2010ರಲ್ಲಿ ಹುಟ್ಟಿದ ಲಿಬ್ರೆಆಫೀಸ್ ಧಾರಾಳವಾಗಿ ಸಾಕು. ಅದೂ ಪುಕ್ಕಟೆ, ಅದರ ಮೆನುಗಳನ್ನು ಕನ್ನಡದಲ್ಲೂ ಇಟ್ಟುಕೊಳ್ಳಬಹುದು. ವರ್ಡು, ಎಕ್ಸೆಲ್ಲುಗಳ ಸರಳ ರೂಪವನ್ನು ಕಂಪನಿಯವರೇ ತಮ್ಮ ತಾಣದಲ್ಲಿ ಹಣವಿಲ್ಲದೆ ಬಳಸಲು ಬಿಟ್ಟಿದ್ದಾರೆ.

ಠಾಣೆಯ ಸೋದರಿಯವರೇ, ನಿಮ್ಮ ಪಂಚಾಯಿತಿಗೆ ಬರುತ್ತೇನೆ. ಮಗಳಿಗೆ ಕಾಲೇಜಿನವರು ಅವರದೇ ಇ-ಮೇಲ್ ವಿಳಾಸ ಕೊಟ್ಟಿದ್ದಾರೆಯೇ ಎಂದು ಕೇಳಿ. ಕೊಟ್ಟಿದ್ದರೆ, ಕಾಲೇಜು ಮೈಕ್ರೋಸಾಫ್ಟಿನಲ್ಲಿ ನೋಂದಾಯಿಸಿದ್ದ ಪಕ್ಷಕ್ಕೆ, ವಿದ್ಯಾರ್ಥಿಗಳ ಆಫೀಸ್ ಅವಳಿಗೆ ಹಣವಿಲ್ಲದೆ ಸಿಗುತ್ತದೆ. ಅದು ಅವಳ ಹೆಸರಿನದೇ ಪಾಸು; ಕಾಲೇಜು ಮುಗಿಯುವವರೆಗೆ ನಿಶ್ಚಿಂತೆ. ಸ್ವಂತದ ಚಿತ್ರ, ಕಾಗದಗಳನ್ನು ಮಾತ್ರ ಅದರಲ್ಲಿಡದೆ ಬೇರೆ ಕಡೆ ಒಂದು ಪ್ರತಿ ಇರಿಸಲಿ. ಅದಕ್ಕೂ ಮುಂಚೆ ಇನ್ನೊಂದು ಕೆಲಸ ಮಾಡಿ. ನಮ್ಮ ದೇಶದಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪುಗಳ ಬೆಲೆಯಲ್ಲೇ ಆಫೀಸ್ ಸೇರಿರುತ್ತದೆ. ಕೊಂಡವರು ವರ್ಡನ್ನು ತೆರೆದು ತಮ್ಮ ಹೆಸರಿನ ಖಾತೆಗೆ ಜೋಡಿಸಿಕೊಳ್ಳಬೇಕು, ಅಷ್ಟೆ. ಅದಕ್ಕೊಂದು ಗಡುವೂ ಇರುತ್ತದೆ. ಜೋಡಿಸಿಕೊಳ್ಳದೆ ಗಡುವು ದಾಟಿಸಿ, ಹೊರಗೆ 499 ರೂಪಾಯಿಯದನ್ನು ಹುಡುಕುವವರನ್ನು ಕಂಡಿದ್ದೇನೆ. ಲ್ಯಾಪ್‌ಟಾಪು ಬಂದ ರಟ್ಟಿನ ಪೆಟ್ಟಿಗೆಯನ್ನು ನೀವು ಇನ್ನೂ ಬಿಸಾಡಿರಲಾರಿರಿ; ಮಂಚದ ಕೆಳಗೋ ಅಟ್ಟದ ಮೇಲೋ ಇರಬೇಕು. ಇಂದು ಸಂಜೆಯೇ ಅದನ್ನೂ ಬಿಲ್ಲನ್ನೂ ಹೊರಗೆ ತೆಗೆದು, ಚೀಟಿಯ ಮೇಲೆ ಆಫೀಸ್ ಎಂದು ಬರೆದಿದೆಯೇ ನೋಡಿ, ನನಗೊಂದು ಕಾಗದ ಹಾಕಿ.